ಲಾಭ ಯಾರ ಕೈಗೆ, ತೆರಿಗೆ ಯಾರ ತಲೆಗೆ?

(ಸಂಘದ ರಜತ ಮಹೋತ್ಸವದ ಅಂಗವಾಗಿ ಏರ್ಪಡಿಸಿದ್ದ ವಿಚಾರಗೋಷ್ಠಿಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾನು ಭಾಷಣ ಮಾಡುವವನಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ನೇಗಿಲು ಹಿಡಿದವನು. ಹೈನುಗಾರಿಕೆ ಬಗ್ಗೆ ಮಾತಾಡು ಅಂದಿದ್ದರೆ ನಾಲ್ಕು ಹಸು ಕಟ್ಟಿದ ಅನುಭವ ಹೇಳಿಬಿಡುತ್ತಿದ್ದೆ. ಆದರೆ ನಮ್ಮ ಅಧ್ಯಕ್ಷರು ನನಗೆ ಕೊಟ್ಟಿರುವ ವಿಷಯ ಆದಾಯ ತೆರಿಗೆ. ಅದಕ್ಕೊಂದು ಕಾರಣ ಇದೆ.

ಹಿಂದಿನ ಒಂದು ಮಹಾಸಭೆಯಲ್ಲಿ ನಮ್ಮ ಸಂಘಕ್ಕೆ ತೆರಿಗೆ ನೋಟೀಸು ಬಂದ ಸಂಗತಿಯನ್ನು ಕಾರ್ಯದರ್ಶಿಯವರು ಓದಿ ಹೇಳಿದಾಗ, ಹಿಂದಿನ ಸಾಲಿನಲ್ಲಿ ಕೂತಿದ್ದ ನಮ್ಮ ದೊಡ್ಡಪ್ಪನವರೊಬ್ಬರು ಎದ್ದು ನಿಂತು, "ಅಲ್ಲಪ್ಪಾ, ಕೋಟಿಗಟ್ಲೆ ಲಾಭ ಮಾಡೋ ಕಂಪನಿಯೋರು ಒಂದು ಪೈಸಾ ತೆರಿಗೆ ಕಟ್ಟಲ್ಲ ಅಂತ ಪೇಪರಿನಲ್ಲಿ ಬರುತ್ತೆ. ಲೀಟರಿಗೆ ಕಾಸು ಕಾಸು ಉಳಿಸೋ ನಮ್ಮ ಡೈರಿಗೆ ನೋಟೀಸು ಹೆಂಗೆ ಬಂತು? ಅವರಿಗೆ ಗೊತ್ತಿರೋದು ನಿಮಗೆ ಯಾಕೆ ಗೊತ್ತಿಲ್ಲ?" ಎಂದು ಕೇಳಿದರು. ಆವತ್ತು ವೇದಿಕೆ ಮೇಲಿದ್ದ ನಾವ್ಯಾರೂ ಬಾಯಿ ಬಿಡಲಿಲ್ಲ. ಅಂದಿನಿಂದ ಆ ಪ್ರಶ್ನೆ ನನ್ನ ತಲೆ ತಿನ್ನುತ್ತಿತ್ತು. ತಾಲ್ಲೂಕು ಕಾಲೇಜಿನ ಕಾಮರ್ಸ್ ಮೇಷ್ಟ್ರ ಬೆನ್ನು ಬಿದ್ದೆ, ಆಡಿಟರ ಬೆನ್ನು ಬಿದ್ದೆ. ತಿಳಿದಷ್ಟನ್ನು ಹೇಳುತ್ತೇನೆ.

ಮೊದಲು ಒಂದು ಮಾತು. ತೆರಿಗೆ ಕದಿಯುವುದು ಬೇರೆ, ತೆರಿಗೆಯಿಂದ ತಪ್ಪಿಸಿಕೊಳ್ಳುವುದು ಬೇರೆ. ಮಾಡಿದ ವ್ಯಾಪಾರವನ್ನು ಲೆಕ್ಕಕ್ಕೇ ತೋರಿಸದಿರುವುದು ಕಳ್ಳತನ. ಎಲ್ಲವನ್ನೂ ಲೆಕ್ಕಕ್ಕೆ ತೋರಿಸಿ, ಕಾಯ್ದೆಯ ಸಂದಿಯಲ್ಲಿ ನುಸುಳಿ ತೆರಿಗೆ ಕಮ್ಮಿ ಮಾಡಿಕೊಳ್ಳುವುದು ಇನ್ನೊಂದು. ಚೆಕ್‌ಪೋಸ್ಟಿನಲ್ಲಿ ಗಾಡಿಯೊಳಗೆ ಮಾಲು ಮುಚ್ಚಿಟ್ಟು ದಾಟಿಸುವವನು ಕಳ್ಳ. ಚೆಕ್‌ಪೋಸ್ಟೇ ಇಲ್ಲದ ಕೆರೆ ಏರಿಯ ಮೇಲೆ ಗಾಡಿ ಹೊಡೆಯುವವನನ್ನು ಏನಂತ ಕರೆಯೋದು? ನ್ಯಾಯಾಲಯಗಳೂ ಇದರಲ್ಲಿ ಅತ್ತಿತ್ತ ಹೊಯ್ದಾಡಿವೆ. ಆಂಧ್ರದಲ್ಲಿ ಮದ್ಯ ತಯಾರಿಸುವ ಮ್ಯಾಕ್‌ಡೋವೆಲ್ ಕಂಪನಿ, ಅಬಕಾರಿ ಸುಂಕವನ್ನು ಕೊಳ್ಳುವವರ ಕೈಯಿಂದಲೇ ನೇರವಾಗಿ ಕಟ್ಟಿಸಿ, ಆ ಹಣ ತನ್ನ ವಹಿವಾಟಿಗೆ ಸೇರುವುದೇ ಇಲ್ಲ, ಅದರ ಮೇಲೆ ಮಾರಾಟ ತೆರಿಗೆಯೂ ಇಲ್ಲ ಎಂದು ವಾದಿಸಿತು. 1985ರಲ್ಲಿ ಸುಪ್ರೀಂ ಕೋರ್ಟು ಇದನ್ನು ಒಪ್ಪಲಿಲ್ಲ. ಅದೇ ಪೀಠದ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿಯವರು ಇಂಥ ಜಾಣತನಗಳ ವಿರುದ್ಧ ಬಹಳ ಖಾರವಾಗಿ ಬರೆದರು. ಆದರೂ ಜಾಣತನ ನಿಲ್ಲಲಿಲ್ಲ ಎನ್ನಿ.

ಈಗ ದೊಡ್ಡಪ್ಪನವರ ಪ್ರಶ್ನೆಗೆ ಬರೋಣ. ಕೋಟಿ ಲಾಭ ಮಾಡಿದ ಕಂಪನಿಗೆ ಸೊನ್ನೆ ತೆರಿಗೆ ಹೇಗೆ? ಕಂಪನಿಯ ಲಾಭಕ್ಕೆ ಎರಡು ಲೆಕ್ಕ. ಷೇರುದಾರರಿಗೆ ತೋರಿಸುವ ಲೆಕ್ಕ ಒಂದು, ತೆರಿಗೆ ಇಲಾಖೆಗೆ ತೋರಿಸುವ ಲೆಕ್ಕ ಇನ್ನೊಂದು. ಎರಡೂ ಸಕ್ರಮವೇ. ಯಾಕಂದ್ರೆ ಮಿಷನ್ನಿನ ಸವಕಳಿಯನ್ನು ಕಂಪನಿ ಕಾಯ್ದೆ ಒಂದು ರೀತಿ ಲೆಕ್ಕ ಹಾಕುತ್ತದೆ, ತೆರಿಗೆ ಕಾಯ್ದೆ ಇನ್ನೊಂದು ರೀತಿ ಲೆಕ್ಕ ಹಾಕುತ್ತದೆ.

ಚಿತ್ರದುರ್ಗದ ಜೋಗಿಮಟ್ಟಿಯ ಕಡೆ ಹೋದವರು ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ನೋಡಿರುತ್ತೀರಿ. ನಾವೆಲ್ಲ ಅವು ಕರೆಂಟು ತೆಗೆಯುವ ಯಂತ್ರ ಅಂತ ಮಾತ್ರ ತಿಳಿದಿದ್ದೆವು. ನಮ್ಮ ದೇಶದಲ್ಲಿ ಗಾಳಿಯಂತ್ರ ಹಾಕಿಸಿದವರೆಲ್ಲ ಕರೆಂಟಿನ ವ್ಯಾಪಾರದವರೇ ಅಲ್ಲ. ಬಟ್ಟೆ ಗಿರಣಿಯವರು, ಸಿಮೆಂಟಿನವರು, ಇನ್ನೂ ಯಾರ್‍ಯಾರೋ ಹಾಕಿಸಿದರು. ಏನು ಕಾರಣ? ಗಾಳಿಯಂತ್ರಕ್ಕೆ ಹಾಕಿದ ಬಂಡವಾಳದಲ್ಲಿ 100ಕ್ಕೆ 80 ಭಾಗವನ್ನು ಒಂದೇ ವರ್ಷದಲ್ಲಿ ಸವಕಳಿ ಅಂತ ಬರೆದುಕೊಳ್ಳಲು ಬಹಳ ವರ್ಷ ಅವಕಾಶ ಇತ್ತು. 2012ರಲ್ಲಿ ಅದನ್ನು ತೆಗೆದರು, 2014ರಲ್ಲಿ ಮತ್ತೆ ಕೊಟ್ಟರು, 2017ರಿಂದ 40ಕ್ಕೆ ಇಳಿಸಿದರು. 10 ಕೋಟಿ ಲಾಭ ಬಂದ ಕಂಪನಿ 10 ಕೋಟಿಯ ಗಾಳಿಯಂತ್ರ ಹಾಕಿದರೆ 8 ಕೋಟಿ ಸವಕಳಿಗೆ ಹೋಯಿತು, ಬರೀ 2 ಕೋಟಿಗೆ ತೆರಿಗೆ. ನೂರಕ್ಕೆ 30ರಂತೆ ಹಿಡಿದರೂ ಆ ವರ್ಷ 2 ಕೋಟಿ 40 ಲಕ್ಷ ಉಳಿಯಿತು. ಮುಂದಿನ ವರ್ಷಗಳಲ್ಲಿ ಸವಕಳಿ ಕಮ್ಮಿಯಾಗಿ ತೆರಿಗೆ ಜಾಸ್ತಿಯಾಗುತ್ತದೆ ಅನ್ನಿ. ಅಷ್ಟರಲ್ಲಿ ಇನ್ನೊಂದು ಯಂತ್ರ ಹಾಕಿದರೆ ಆಯಿತು!

ಇಲ್ಲಿ ಗಮನಿಸಬೇಕಾದ್ದು ಏನೆಂದರೆ, ಈ ಸವಲತ್ತು ಆ ವರ್ಷವೇ ಕೈಗೆ ದಕ್ಕುವುದು ಲಾಭ ಇದ್ದವನಿಗೆ ಮಾತ್ರ. ನಷ್ಟದಲ್ಲಿರುವ ಕಂಪನಿ ಅದೇ ಯಂತ್ರ ಹಾಕಿದರೆ ಉಳಿಸುವುದಕ್ಕೆ ತೆರಿಗೆಯೇ ಇಲ್ಲವಲ್ಲ. ಮಳೆಯೇ ಬಾರದ ಕಡೆ ಕೊಡೆ ಬಿಚ್ಚಿದ ಹಾಗೆ. ಲಾಭ ಹೆಚ್ಚಿದಷ್ಟೂ ತಪ್ಪಿಸಿಕೊಳ್ಳುವ ಆಸೆ ಹೆಚ್ಚುತ್ತದೆ, ಅದಕ್ಕೆ ದಾರಿ ಹೇಳುವ ದೊಡ್ಡ ಆಡಿಟರು, ವಕೀಲರನ್ನು ಇಟ್ಟುಕೊಳ್ಳುವ ತಾಕತ್ತೂ ಹೆಚ್ಚುತ್ತದೆ. ಒಂದು ಲಕ್ಷ ತೆರಿಗೆ ಕಟ್ಟುವವನು ಎರಡು ಲಕ್ಷ ಫೀಜು ಕೊಟ್ಟು ವಕೀಲನನ್ನು ಹಿಡಿಯುತ್ತಾನೆಯೇ? ನೂರು ಕೋಟಿಯವನು ಹಿಡಿಯುತ್ತಾನೆ. ಇನ್ನೊಂದು ತಮಾಷೆ ನೋಡಿ. ಮುಳುಗಿದ ಕಾರ್ಖಾನೆಯ ಹಳೇ ನಷ್ಟಕ್ಕೂ ಬೆಲೆ ಇದೆ. ಕೆಲವು ಷರತ್ತಿನ ಮೇಲೆ ಅದನ್ನು ಲಾಭದ ಕಂಪನಿಯೊಳಗೆ ವಿಲೀನ ಮಾಡಿಕೊಂಡರೆ ಆ ನಷ್ಟವನ್ನು ಈ ಲಾಭಕ್ಕೆ ವಜಾ ಹಾಕಬಹುದು. ಗೊಡ್ಡು ಹಸುವನ್ನು ಯಾರೂ ಕೇಳುವುದಿಲ್ಲ ಅಂತೀವಲ್ಲ, ಕಂಪನಿಯವರ ಸಂತೆಯಲ್ಲಿ ಅದಕ್ಕೂ ಗಿರಾಕಿ ಉಂಟು.

ಹೀಗೆ ಷೇರುದಾರರಿಗೆ ಡಿವಿಡೆಂಡ್ ಹಂಚುತ್ತಾ ತೆರಿಗೆ ಸೊನ್ನೆ ಮಾಡಿಕೊಂಡ ಕಂಪನಿಗಳಿಗೆ ಸೊನ್ನೆ ತೆರಿಗೆ ಕಂಪನಿಗಳು ಅಂತಲೇ ಹೆಸರು ಬಂತು. ಇವರನ್ನು ಹಿಡಿಯಲು 1987ರ ಬಜೆಟ್ಟಿನಲ್ಲಿ, ಹಣಕಾಸು ಖಾತೆಯನ್ನೂ ತಾವೇ ಇಟ್ಟುಕೊಂಡಿದ್ದ ಪ್ರಧಾನಿ ರಾಜೀವ್ ಗಾಂಧಿಯವರು, ಷೇರುದಾರರಿಗೆ ತೋರಿಸಿದ ಲಾಭದಲ್ಲಿ 100ಕ್ಕೆ 30 ಭಾಗವನ್ನಾದರೂ ಆದಾಯ ಅಂತ ಹಿಡಿಯತಕ್ಕದ್ದು ಎಂದು ಮಾಡಿದರು. ಮೂರು ವರ್ಷಕ್ಕೆ ಅದು ಹೋಯಿತು. 1996ರಲ್ಲಿ ಚಿದಂಬರಂ ಅವರು ಮತ್ತೆ ತಂದರು. 2000ದಲ್ಲಿ ಅದರ ರೂಪ ಬದಲಾಯಿಸಿ ಪುಸ್ತಕದ ಲಾಭದ ಮೇಲೆ ನೇರವಾಗಿ ಏಳೂವರೆ ಪರ್ಸೆಂಟು ಅಂದರು, ಅದು ಏರುತ್ತಾ ಏರುತ್ತಾ 2012ರ ಹೊತ್ತಿಗೆ ಹದಿನೆಂಟೂವರೆ ಆಯಿತು, 2019ರಲ್ಲಿ 15ಕ್ಕೆ ಇಳಿಸಿದರು. ಅದೇ 2019ರ ಸೆಪ್ಟೆಂಬರಿನಲ್ಲಿ, ರಿಯಾಯಿತಿಗಳನ್ನು ಬಿಟ್ಟುಕೊಡುವ ಕಂಪನಿಗಳಿಗೆ ತೆರಿಗೆ ದರವನ್ನೇ 22ಕ್ಕೆ ಇಳಿಸಿದರು. ವರ್ಷಕ್ಕೆ 1 ಲಕ್ಷ 45 ಸಾವಿರ ಕೋಟಿ ವರಮಾನ ಬಿಟ್ಟುಕೊಟ್ಟಂತಾಯಿತು ಎಂದು ಸರ್ಕಾರವೇ ಅಂದಾಜು ಹೇಳಿತು. ಕಳ್ಳದಾರಿ ಮುಚ್ಚುವುದಕ್ಕೆ ಹೆದ್ದಾರಿಯ ಸುಂಕವನ್ನೇ ಕಮ್ಮಿ ಮಾಡಿದ ಹಾಗೆ. ಇದು ಸರಿಯೋ ತಪ್ಪೋ ಎಂದು ಮೇಷ್ಟ್ರಿಗೂ ನನಗೂ ಒಂದು ಸಾಯಂಕಾಲ ಪೂರ್ತಿ ಜಗಳ ಆಯಿತು.

ಇನ್ನು ಯಜಮಾನಿಕೆಯ ವಿಚಾರ. ಲಾಭ ಎಷ್ಟು ಅನ್ನುವುದರ ಜೊತೆಗೆ ಕಂಪನಿ ಯಾರದ್ದು ಅನ್ನುವುದನ್ನೂ ನೋಡಬೇಕು ಅಂತ ಮೇಷ್ಟ್ರು ಹೇಳಿದರು. ಒಂದೇ ಮನೆತನದವರ ಕೈಯಲ್ಲಿರುವ ಕಂಪನಿ ಹೆಚ್ಚು ತೆರಿಗೆ ತಪ್ಪಿಸುತ್ತದೆ, ಯಾಕಂದ್ರೆ ಉಳಿದ ದುಡ್ಡು ನೇರ ಮನೆಗೇ ಬರುತ್ತದಲ್ಲ ಅಂತ ನಾನು ಅಂದುಕೊಂಡಿದ್ದೆ. ಅಮೆರಿಕದ ಕಂಪನಿಗಳ ಬಗ್ಗೆ 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಉಲ್ಟಾ ಬಂತಂತೆ. ಅಲ್ಲಿ ಮನೆತನದ ಕಂಪನಿಗಳೇ ಈ ವಿಷಯದಲ್ಲಿ ಹೆಚ್ಚು ಹುಷಾರು. ಹೆಸರು ಕೆಟ್ಟರೆ ಮಕ್ಕಳು ಮೊಮ್ಮಕ್ಕಳ ಕಾಲಕ್ಕೂ ಕೆಟ್ಟಿತು ಅನ್ನುವ ಭಯ. ಮನೆಯವರು ತಾವು ಗುಟ್ಟಾಗಿ ಏನೋ ಮಾಡಿಕೊಳ್ಳುತ್ತಿದ್ದಾರೆ ಎಂದು ಬೇರೆ ಷೇರುದಾರರಿಗೆ ಅನುಮಾನ ಬಂದರೆ ಷೇರಿನ ಬೆಲೆ ಬೀಳುತ್ತದೆ ಅನ್ನುವ ಭಯ. ಸಂಬಳದ ಮ್ಯಾನೇಜರಿಗೆ ಆ ಭಯ ಕಮ್ಮಿ, ಈ ವರ್ಷದ ಲಾಭ ಹೆಚ್ಚು ತೋರಿಸಿದರೆ ಅವನ ಬೋನಸ್ಸು ಬಂತು. ನಮ್ಮ ದೇಶಕ್ಕೆ ಇದು ಎಷ್ಟರಮಟ್ಟಿಗೆ ಹೊಂದುತ್ತದೆ ಅನ್ನುವುದು ಬೇರೆ ಮಾತು. ಆದರೆ ಮಾತು ಯೋಚನೆಗೆ ಹಚ್ಚುವಂಥದ್ದು.

ಯಜಮಾನ ಪರದೇಶದಲ್ಲಿದ್ದರೆ ಆಟವೇ ಬೇರೆ. 2007ರಲ್ಲಿ ವೊಡಾಫೋನ್‌ನವರು ಇಲ್ಲಿಯ ಹಚ್ ಫೋನ್ ಕಂಪನಿಯನ್ನು ಹಚಿಸನ್‌ನವರಿಂದ ಸುಮಾರು 11 ಬಿಲಿಯನ್ ಡಾಲರಿಗೆ ಕೊಂಡರು. ಟವರು ಇಲ್ಲಿ, ಗಿರಾಕಿ ಇಲ್ಲಿ, ಲಾಭ ಇಲ್ಲಿ. ಕೈ ಬದಲಾಯಿಸಿದ್ದು ಮಾತ್ರ ಕೇಮನ್ ದ್ವೀಪದ ಒಂದು ಕಂಪನಿಯ ಷೇರು. ಹಸು ನಮ್ಮ ಕೊಟ್ಟಿಗೆಯಲ್ಲೇ ಮೇವು ತಿನ್ನುತ್ತಾ ನಿಂತಿದೆ, ಮಾರಾಟ ಆದದ್ದು ಅದರ ಹಗ್ಗ, ಅದೂ ಸಮುದ್ರದಾಚೆಯ ಸಂತೆಯಲ್ಲಿ. ಸಂತೆ ಸುಂಕ ನಮ್ಮೂರಿಗೆ ಬರಬೇಕೋ ಬೇಡವೋ? 2012ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಬರಬೇಕಿಲ್ಲ ಎಂದಿತು. ಅದೇ ವರ್ಷ ಸರ್ಕಾರ ಕಾಯ್ದೆಯನ್ನು ಹಿಂದಿನ ತಾರೀಕಿನಿಂದಲೇ ತಿದ್ದಿತು. ಆಟ ಮುಗಿದ ಮೇಲೆ ನಿಯಮ ಬದಲಾಯಿಸುವುದೇ ಎಂದು ಲೋಕವೆಲ್ಲ ಬೊಬ್ಬೆ ಹಾಕಿ, ಕೊನೆಗೆ 2021ರಲ್ಲಿ ಆ ತಿದ್ದುಪಡಿಯನ್ನು ವಾಪಸು ತೆಗೆದುಕೊಂಡಿತು. ಇಷ್ಟರ ನಡುವೆ, ಮಾರಿಷಸ್ ದಾರಿಯಿಂದ ಬಂದು ಷೇರು ಮಾರಿ ತೆರಿಗೆ ಇಲ್ಲದೆ ಹೋಗುತ್ತಿದ್ದವರಿಗೆ 2016ರಲ್ಲಿ ಒಪ್ಪಂದ ತಿದ್ದಿ ತಡೆ ಹಾಕಿದರು. ಬರೀ ತೆರಿಗೆ ತಪ್ಪಿಸಲೆಂದೇ ಮಾಡಿದ ಏರ್ಪಾಡನ್ನು ಇಲಾಖೆ ಒಪ್ಪಬೇಕಾಗಿಲ್ಲ ಅನ್ನುವ ಸಾಮಾನ್ಯ ನಿಯಮ 2017ರ ಏಪ್ರಿಲ್‌ನಿಂದ ಜಾರಿಗೆ ಬಂತು.

ಹಾಗಾದರೆ ಸರ್ಕಾರವೇ ಯಜಮಾನ ಆದರೆ ಈ ತಾಪತ್ರಯ ಇರುವುದಿಲ್ಲ ಅಂತೀರಾ? ಅಲ್ಲೂ ಉಂಟು. ಆದಾಯ ತೆರಿಗೆ ಹೋಗುವುದು ಕೇಂದ್ರಕ್ಕೆ. ರಾಜ್ಯ ಸರ್ಕಾರದ ನಿಗಮ ಲಾಭ ಮಾಡಿದರೆ ಅದರಲ್ಲಿ ಕೇಂದ್ರಕ್ಕೆ ಪಾಲು ಕೊಡಬೇಕು. ಅದಕ್ಕೆ ಮುಂಚೆ ರಾಜ್ಯವೇ ಲೈಸೆನ್ಸ್ ಫೀ, ಅದು ಫೀ, ಇದು ಫೀ ಎಂದು ತನ್ನ ನಿಗಮದಿಂದ ದುಡ್ಡು ತೆಗೆದುಕೊಂಡರೆ ಲಾಭ ಕರಗುತ್ತದೆ! ಇಂಥ ಫೀಜುಗಳನ್ನು ಖರ್ಚಿನ ಲೆಕ್ಕಕ್ಕೆ ಹಾಕಬಾರದೆಂದು 2013ರಲ್ಲಿ ಕಾಯ್ದೆಗೆ ಹೊಸ ಕಲಮು ಸೇರಿಸಿದರು. ಕೇರಳದ ಮದ್ಯ ಮಾರಾಟ ನಿಗಮದ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೂ ಹೋಗಿ 2022ರ ಜನವರಿಯಲ್ಲಿ ತೀರ್ಪಾಯಿತು. ಹಲವು ಫೀಜುಗಳು ಖರ್ಚಲ್ಲ ಎಂದೇ ಆಯಿತು. ಅಣ್ಣತಮ್ಮಂದಿರ ಪಾಲಿನ ಜಗಳ ಎಲ್ಲ ಮನೆಯಲ್ಲೂ ಇದ್ದದ್ದೇ.

ಈಗ ನಮ್ಮ ಮನೆಗೆ ಬರೋಣ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ಕಾಲದಿಂದಲೂ ನಮ್ಮ ತತ್ವ ಒಂದೇ: ಗಿರಾಕಿಯೇ ಯಜಮಾನ, ಒಬ್ಬನಿಗೆ ಒಂದೇ ಓಟು. ಕಂಪನಿಗೆ ಹಾಲಿನ ಬೆಲೆ ಖರ್ಚು, ಅದು ಕಮ್ಮಿ ಆದಷ್ಟೂ ಯಜಮಾನನಿಗೆ ಲಾಭ. ನಮಗೆ ಹಾಲಿನ ಬೆಲೆಯೇ ಲಾಭ. ಹಾಗಾದರೆ ನಾವು ಬೆಲೆ ಹೆಚ್ಚು ಕೊಟ್ಟು ಸಂಘದ ಲಾಭ ಕಮ್ಮಿ ತೋರಿಸಿದರೆ ಅದು ತೆರಿಗೆ ತಪ್ಪಿಸಿದಂತೆಯೇ?

ಈ ಪ್ರಶ್ನೆಗೆ ಅತಿ ಹೆಚ್ಚು ಪೆಟ್ಟು ತಿಂದವರು ಸಹಕಾರಿ ಸಕ್ಕರೆ ಕಾರ್ಖಾನೆಯವರು, ಅದರಲ್ಲೂ ಮಹಾರಾಷ್ಟ್ರದವರು. ಕೇಂದ್ರ ನಿಗದಿ ಮಾಡಿದ ಕಬ್ಬಿನ ಬೆಲೆಗಿಂತ ಹೆಚ್ಚು ಬೆಲೆಯನ್ನು ಅವರು ಸದಸ್ಯ ರೈತರಿಗೆ ಕೊಡುತ್ತಿದ್ದರು. ಇಲಾಖೆಯವರು, ಈ ಹೆಚ್ಚಿನ ಭಾಗ ಬೆಲೆಯಲ್ಲ, ಬೆಲೆಯ ವೇಷ ಹಾಕಿದ ಲಾಭ ಹಂಚಿಕೆ, ತೆರಿಗೆ ಕಟ್ಟಿ ಎಂದರು. ರೈತರು, ಕಬ್ಬು ಕೊಟ್ಟವನಿಗೆ ಕಬ್ಬಿನ ದುಡ್ಡು ಕೊಟ್ಟಿದ್ದೇವೆ, ಇದರಲ್ಲಿ ಲಾಭ ಎಲ್ಲಿಂದ ಬಂತು ಎಂದರು. ಎರಡೂ ಮಾತಿನಲ್ಲಿ ನ್ಯಾಯ ಇದೆ ನೋಡಿ. ವರ್ಷದ ಕೊನೆಗೆ ಲೆಕ್ಕ ನೋಡಿಕೊಂಡು ಉಳಿದದ್ದನ್ನು ಬೆಲೆ ಅಂತ ಕೊಟ್ಟರೆ ಅದರಲ್ಲಿ ಲಾಭದ ವಾಸನೆ ಇದ್ದೇ ಇದೆ. 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಹೇಳಿದ್ದೂ ಹೆಚ್ಚುಕಮ್ಮಿ ಅದೇ: ಪೂರ್ತಿಯೂ ಲಾಭವಲ್ಲ, ಪೂರ್ತಿಯೂ ಬೆಲೆಯಲ್ಲ, ಲಾಭದ ಅಂಶ ಎಷ್ಟು ಎಂದು ಅಧಿಕಾರಿ ಲೆಕ್ಕ ತೆಗೆಯಲಿ ಎಂದು. ಸರ್ಕಾರ ಒಪ್ಪಿದ ಬೆಲೆಯನ್ನು ಖರ್ಚೆಂದೇ ಹಿಡಿಯಬೇಕೆಂದು 2015ರಲ್ಲೇ ಕಾಯ್ದೆ ಆಗಿತ್ತು. ಹಳೇ ವರ್ಷಗಳ ಬಾಕಿ ಮಾತ್ರ ತೂಗುಗತ್ತಿಯ ಹಾಗೆ ಇತ್ತು. 2023ರ ಬಜೆಟ್ಟಿನಲ್ಲಿ ಅದಕ್ಕೂ ಪರಿಹಾರ ಕೊಟ್ಟರು, ಸುಮಾರು 10 ಸಾವಿರ ಕೋಟಿ ರೂಪಾಯಿಯ ಹೊರೆ ಇಳಿಯುತ್ತದೆ ಎಂದು ಹಣಕಾಸು ಮಂತ್ರಿಗಳು ಹೇಳಿದರು.

ಹಾಲಿನವರಾದ ನಮಗೆ ಆ ಕಷ್ಟ ಇರಲಿಲ್ಲ. ಸದಸ್ಯರ ಹಾಲನ್ನು ಒಕ್ಕೂಟಕ್ಕೆ ಸರಬರಾಜು ಮಾಡುವ ಹಳ್ಳಿಯ ಸಂಘಕ್ಕೆ ಆ ವ್ಯವಹಾರದ ಲಾಭದ ಮೇಲೆ ಪೂರ್ತಿ ವಿನಾಯಿತಿ ಇದೆ. 1961ರ ಕಾಯ್ದೆಯ 80ಪಿ ಕಲಮಿನಲ್ಲಿದ್ದ ಆ ಸವಲತ್ತು 2025ರ ಹೊಸ ಕಾಯ್ದೆಯಲ್ಲೂ ಬೇರೆ ನಂಬರಿನಲ್ಲಿ ಮುಂದುವರಿದಿದೆ. ಹಾಗಿದ್ದೂ ನಮಗೆ ನೋಟೀಸು ಬಂತು ಅಂದರೆ ಅದರಲ್ಲಿ ನಮ್ಮ ತಪ್ಪೇ ಹೆಚ್ಚು. ಈ ಮಾತನ್ನು ಸ್ಮರಣ ಸಂಚಿಕೆಯಲ್ಲಿ ಹಾಕಬೇಕೋ ಬೇಡವೋ ಎಂದು ಮಂಡಳಿಯಲ್ಲಿ ಚರ್ಚೆಯಾಗಿ, ಹಾಕೋಣ ಎಂದೇ ತೀರ್ಮಾನ ಆಗಿದೆ.

ಒಂದನೇ ತಪ್ಪು, ಕಟ್ಟಡ ನಿಧಿಯ ದುಡ್ಡನ್ನು ಕಾಲು ಪರ್ಸೆಂಟು ಬಡ್ಡಿ ಹೆಚ್ಚು ಸಿಗುತ್ತದೆಂದು ಒಂದು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಎಫ್‌ಡಿ ಇಟ್ಟೆವು. ಆ ಬಡ್ಡಿ ಹಾಲಿನ ಲಾಭವಲ್ಲ. ಶಿರಸಿಯ ತೋಟಗಾರರ ಸೊಸೈಟಿಯ ಮೊಕದ್ದಮೆಯಲ್ಲಿ 2010ರಲ್ಲೇ ಸುಪ್ರೀಂ ಕೋರ್ಟು, ಅಡಿಕೆ ಮಾರಿದ ದುಡ್ಡನ್ನು ಸದಸ್ಯರಿಗೆ ಕೊಡದೆ ಬ್ಯಾಂಕಿನಲ್ಲಿಟ್ಟು ಬಡ್ಡಿ ತೆಗೆದರೆ ಆ ಬಡ್ಡಿಗೆ ಈ ವಿನಾಯಿತಿ ಇಲ್ಲ ಎಂದಿತ್ತು. ಅಂಥ ದೊಡ್ಡ ಸಂಸ್ಥೆಯವರು ಸುಪ್ರೀಂ ಕೋರ್ಟಿಗೆ ಹೋಗಿ ಕಲಿತ ಪಾಠವನ್ನು ನಾವು ಪುಕ್ಕಟೆ ಕಲಿಯಬಹುದಿತ್ತು. ಕಲಿಯಲಿಲ್ಲ. ಎರಡನೇ ತಪ್ಪು ಇನ್ನೂ ದೊಡ್ಡದು. ವಿನಾಯಿತಿ ಬೇಕಾದರೆ ಗಡುವಿನೊಳಗೆ ರಿಟರ್ನ್ ಹಾಕಲೇಬೇಕು ಎಂದು 2018ರಲ್ಲಿ ಕಾಯ್ದೆ ಬಂತು. ನಮಗೆ ತೆರಿಗೆಯೇ ಇಲ್ಲವಲ್ಲ, ಗಡುವು ಯಾವ ಲೆಕ್ಕ ಎಂದು ಕೂತೆವು. ಆ ವರ್ಷ ಆಡಿಟ್ಟೂ ತಡವಾಯಿತು. ರಿಟರ್ನ್ ತಡವಾಗಿ ಹೋಯಿತು. ಎಫ್‌ಡಿ ಬಡ್ಡಿ ಮಾತ್ರವಲ್ಲ, ಹಾಲಿನ ಲಾಭವೂ ಸೇರಿ ಎಲ್ಲದಕ್ಕೂ ತೆರಿಗೆ ಬಿತ್ತು. ಸಹಕಾರ ಸಂಘಕ್ಕೆ 20 ಸಾವಿರ ದಾಟಿದ ಆದಾಯಕ್ಕೆ ನೂರಕ್ಕೆ 30. ನಿಮ್ಮ ಒಂದು ವರ್ಷದ ಬೋನಸ್ಸು ಅದರಲ್ಲೇ ಹೋಗುವಂತಿತ್ತು.

ಆಗ ನಮಗೆ ಸಲಹೆ ಕೊಡುತ್ತಿದ್ದ ಒಬ್ಬರು ಒಂದು ಉಪಾಯ ಹೇಳಿಕೊಟ್ಟರು. ಮುಂದಿನ ವರ್ಷದಿಂದ ಲಾಭವೇ ಕಾಣದ ಹಾಗೆ ಮಾಡಿ, ಮೇವಿನ ಬೀಜ ಹಂಚಿದ್ದು, ರಿಪೇರಿ ಮಾಡಿಸಿದ್ದು ಅಂತ ನಾಲ್ಕು ವೋಚರು ಬರೆದರೆ ಆಯಿತು ಎಂದು. ಸುಳ್ಳು ಯಾಕೆ ಹೇಳಲಿ, ಮಂಡಳಿ ಸಭೆಯಲ್ಲಿ ಅದಕ್ಕೆ ಕೈ ಎತ್ತಿದವರಲ್ಲಿ ನಾನೂ ಒಬ್ಬ. ಕಂಪನಿಯವರು ಮಾಡಲ್ವಾ ಅಂತ ವಾದ ಬೇರೆ ಮಾಡಿದೆ. ಆಗ ನಮ್ಮ ಮಹಿಳಾ ನಿರ್ದೇಶಕರೊಬ್ಬರು, "ವೋಚರಿಗೆ ಯಾರ ಹೆಬ್ಬೆಟ್ಟು ಒತ್ತಿಸ್ತೀರಣ್ಣಾ? ನನ್ನ ಅತ್ತೆದಾ, ನಿಮ್ಮ ಅವ್ವಂದಾ?" ಅಂದರು. ಸಭೆ ತಣ್ಣಗಾಯಿತು. ಕಂಪನಿಯವರು ಗಾಳಿಯಂತ್ರ ಹಾಕಿದ್ದು ನಿಜವಾದ ಯಂತ್ರ. ನಾವು ಮಾಡಹೊರಟಿದ್ದು ಇಲ್ಲದ ಬೀಜದ ವೋಚರು. ತಪ್ಪಿಸಿಕೊಳ್ಳುವುದಕ್ಕೂ ಕದಿಯುವುದಕ್ಕೂ ಇರುವ ಗೆರೆ ನನಗೆ ಅರ್ಥವಾದದ್ದು ಆವತ್ತು.

ಇನ್ನೊಂದೂ ಅರ್ಥವಾಯಿತು. ನಮ್ಮ ಸಂಘದಲ್ಲಿ ತೆರಿಗೆ ಉಳಿದರೆ ಯಾವ ನಿರ್ದೇಶಕನ ಜೇಬಿಗೂ ಬರುವುದಿಲ್ಲ, ಅದಕ್ಕೇ ಮೋಸ ಮಾಡುವ ಆಸೆ ಕಮ್ಮಿ. ಅದೇ ಕಾರಣಕ್ಕೆ ನ್ಯಾಯವಾಗಿ ಉಳಿಸಬಹುದಾದ್ದನ್ನು ಉಳಿಸುವ ಆಸ್ಥೆಯೂ ಕಮ್ಮಿ. ಕಂಪನಿಯಲ್ಲಿ ಗಡುವು ತಪ್ಪಿದರೆ ಯಜಮಾನ ಕೊರಳಪಟ್ಟಿ ಹಿಡಿಯುತ್ತಾನೆ. ಇಲ್ಲಿ ಹಿಡಿಯುವವರು ಯಾರು? ನೀವು. ಆದರೆ ನೀವು ಬಟವಾಡೆ ದಿನ ಫ್ಯಾಟು ಕಮ್ಮಿ ಬಂದರೆ ಕಾರ್ಯದರ್ಶಿಯ ಮೇಲೆ ಎಗರಿ ಬೀಳುತ್ತೀರಿ, ರಿಟರ್ನ್ ಹಾಕಿದಿರಾ ಎಂದು ಒಬ್ಬರೂ ಕೇಳಿದ್ದಿಲ್ಲ. ಕಟ್ಟಬೇಕಿಲ್ಲದ ತೆರಿಗೆಯನ್ನು ಕಟ್ಟುವ ಮಾಲೀಕರು ನಾವು.

ನಮ್ಮ ಪುಣ್ಯಕ್ಕೆ, 2023ರ ಜುಲೈನಲ್ಲಿ ದೆಹಲಿಯ ನೇರ ತೆರಿಗೆಗಳ ಮಂಡಳಿ ಒಂದು ಸುತ್ತೋಲೆ ಹೊರಡಿಸಿತು. ಆಡಿಟ್ ತಡವಾದ ಕಾರಣಕ್ಕೆ ರಿಟರ್ನ್ ತಡ ಮಾಡಿದ ಸಹಕಾರ ಸಂಘಗಳು ಕೆಲವು ವರ್ಷಗಳ ಮಟ್ಟಿಗೆ ಮನ್ನಾ ಕೋರಿ ಅರ್ಜಿ ಹಾಕಬಹುದು ಎಂದು. ನಾವು ಹಾಕಿದೆವು, ಆಡಿಟ್ ವರದಿ ಬಂದ ತಾರೀಕಿನ ದಾಖಲೆ ಲಗತ್ತಿಸಿದೆವು, ಮೂರು ಸಲ ಓಡಾಡಿದೆವು. ಹಾಲಿನ ಲಾಭದ ಮೇಲಿನ ತೆರಿಗೆ ಬಿಟ್ಟುಹೋಯಿತು. ಎಫ್‌ಡಿ ಬಡ್ಡಿಯ ತೆರಿಗೆಯನ್ನು ದಂಡಬಡ್ಡಿ ಸಮೇತ ಕಟ್ಟಿದ್ದೇವೆ, ರಸೀತಿ ಫೈಲಿನಲ್ಲಿದೆ, ಯಾರು ಬೇಕಾದರೂ ನೋಡಬಹುದು.

ಉಳಿದಿರುವುದು ಆ ಎಫ್‌ಡಿ. ಅವಧಿ ಮುಗಿಯುತ್ತಿದೆ. ಜಿಲ್ಲಾ ಸಹಕಾರಿ ಬ್ಯಾಂಕಿಗೆ ಹಾಕಿದರೆ, ಒಂದು ಸಹಕಾರ ಸಂಘಕ್ಕೆ ಇನ್ನೊಂದು ಸಹಕಾರ ಸಂಘದಿಂದ ಬರುವ ಬಡ್ಡಿಗೆ ವಿನಾಯಿತಿ ಕೇಳಬಹುದು. ಆ ವಿಷಯದಲ್ಲೂ ಇಲಾಖೆ ತಕರಾರು ಎತ್ತಿದ ಮೊಕದ್ದಮೆಗಳು ಉಂಟು, ಪೂರ್ತಿ ನಿಶ್ಚಿಂತೆ ಅಂತ ನಾನು ಹೇಳಲಾರೆ. ಕಟ್ಟಡಕ್ಕೇ ಖರ್ಚು ಮಾಡಿ ಹಾಲು ತಂಪು ಮಾಡುವ ಘಟಕಕ್ಕೆ ಕೋಣೆ ಹಾಕಿಸೋಣ ಅನ್ನುವವರೂ ಇದ್ದಾರೆ. ನನ್ನ ಓಟು ಕೋಣೆಗೆ. ಮುಂದಿನ ಮಹಾಸಭೆಯ ಅಜೆಂಡಾದಲ್ಲಿ ಮೂರನೇ ವಿಷಯವಾಗಿ ಇದು ಬರುತ್ತದೆ. ಆವತ್ತು ದೊಡ್ಡಪ್ಪನವರು ಮುಂದಿನ ಸಾಲಿನಲ್ಲಿ ಕೂರಬೇಕು ಅಂತ ಕೇಳಿಕೊಳ್ಳುತ್ತೇನೆ. ಸಾಯಂಕಾಲದ ಹಾಲು ಹಾಕುವ ಹೊತ್ತಾಯಿತು, ಕ್ಯಾನಿನ ಸದ್ದು ಕೇಳಿಸುತ್ತಿದೆ.